ಒಂದೇ ನಳಿಕೆ, ಎರಡು ಸಿಲಿಂಡರ್

ಅಮೆರಿಕದ ರೂಗರ್ ಕಂಪನಿಯ ಬ್ಲ್ಯಾಕ್‌ಹಾಕ್ ರಿವಾಲ್ವರಿನ ಒಂದು ಮಾದರಿಗೆ ಎರಡು ಸಿಲಿಂಡರ್: ಒಂದು .357 ಮ್ಯಾಗ್ನಮ್‌ಗೆ, ಇನ್ನೊಂದು 9 ಎಂಎಂಗೆ. ನಳಿಕೆ ಒಂದೇ. ಗುಂಡಿನ ವ್ಯಾಸ ಮ್ಯಾಗ್ನಮ್‌ನದು 0.357 ಇಂಚು, 9 ಎಂಎಂನದು 0.355. ಗುರಿ ತಪ್ಪಿದಾಗಲೆಲ್ಲ ದೂರು ಬೀಳುವುದು ಈ ಕೂದಲೆಳೆಯ ವ್ಯತ್ಯಾಸದ ಮೇಲೆ. ಅದು ಅರ್ಧ ಸತ್ಯ.

ಸಡಿಲ ಗುಂಡನ್ನು ನಳಿಕೆಯ ಸುರುಳಿ ಗೀರುಗಳು ಬಿಗಿಯಾಗಿ ಹಿಡಿಯದಿರಬಹುದು, ಒಪ್ಪೋಣ. ಆದರೆ ಗುಂಡು ಮೊದಲು ದಾಟುವುದು ಸಿಲಿಂಡರಿನ ಬಾಯಿಯನ್ನು. ಆ ಬಾಯಿ ಅಗಲವಾಗಿದ್ದರೆ, ಅಥವಾ ಆರು ಕೋಣೆಗಳಲ್ಲಿ ಒಂದು ನಳಿಕೆಗೆ ನೇರವಾಗಿ ನಿಲ್ಲದಿದ್ದರೆ, ಗುಂಡು ಒಳಹೊಗುವಾಗಲೇ ಕೆರೆದು ವಿರೂಪಗೊಳ್ಳುತ್ತದೆ. .45 ಕೋಲ್ಟ್, .45 ಎಸಿಪಿ ಜೋಡಿಯಲ್ಲಿ ವ್ಯಾಸ ಹೆಚ್ಚುಕಡಿಮೆ ಒಂದೇ. ಅಲ್ಲೂ ಒಂದು ಸಿಲಿಂಡರ್ ಚದುರಿ ಹೊಡೆದರೆ ಯಾರನ್ನು ದೂರುವುದು?

ಇನ್ನೊಂದು ಗೊಂದಲವೂ ಉಂಟು. ಸಿಲಿಂಡರ್ ಬದಲಿಸಿದಾಗ ಗುಂಡುಗಳು ಮೇಲೋ ಕೆಳಗೋ ಬೀಳಬಹುದು. ಒಟ್ಟಾಗಿ ಬಿದ್ದರೆ ಅದು ಗುರಿಯ ಹೊಂದಾಣಿಕೆಯ ವಿಷಯ, ನಿಖರತೆಯ ದೋಷವಲ್ಲ.

ಹಾಗಾಗಿ ಬೇರೆ ರಿವಾಲ್ವರಿನಿಂದ ಬಿಚ್ಚಿದ ಸಿಲಿಂಡರನ್ನು ಅಗ್ಗವೆಂದು ಕೊಂಡು ತೂರಿಸುವುದು ಜಾಣತನವಲ್ಲ. ಕಾರ್ಖಾನೆ ಎರಡನ್ನೂ ಅದೇ ಬಂದೂಕಿಗೆ ಹೊಂದಿಸಿರುತ್ತದೆ. ಹೊಂದದ್ದನ್ನು ಹಾಕಿದರೆ ಕೆಟ್ಟ ಗುರಿಯಷ್ಟೇ ಅಲ್ಲ, ಸಂದಿಯಿಂದ ಸೀಸದ ಚೂರು ಸಿಡಿದು ಪಕ್ಕದಲ್ಲಿ ನಿಂತವರ ಮುಖಕ್ಕೆ ಬಡಿಯಬಹುದು.