ಬರಿಯ ಬೂದಿಯೆ?

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕುಡತಿನಿಯ ಬಳಿ, ಒಂದು ಬೂದಿದಿಬ್ಬವಿದೆ. ಇಂಥವು ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಗಳಲ್ಲಿಯೂ ಆಚೆಯ ತೆಲುಗು ನಾಡಿನಲ್ಲಿಯೂ ಸೇರಿ ನೂರಕ್ಕೂ ಹೆಚ್ಚು. ಇವುಗಳ ಮಾತು ಬಂದಾಗ ನಮ್ಮ ವಿದ್ಯಾವಂತರಲ್ಲಿ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷಕ್ಕೆ ಇದು ‘ಬರಿಯ ಸಗಣಿ ಬೂದಿ’. ಇನ್ನೊಂದಕ್ಕೆ ಪುರಾಣ ನಡೆದುದಕ್ಕೆ ಕಣ್ಣೆದುರಿನ ಸಾಕ್ಷಿ. ಇಬ್ಬರೂ ದಿಬ್ಬಕ್ಕೆ ಅನ್ಯಾಯ ಮಾಡುತ್ತಿದ್ದಾರೆ.

ಹಂಪೆಯ ಹತ್ತಿರ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ದಹಿಸಿದ ಸ್ಥಳವೆಂದರು. ಬೇರೆ ಕಡೆ ರಾಕ್ಷಸರ ಬೂದಿಯೆಂದರು. ನಗುವ ಮುನ್ನ ಪಂಡಿತರು ಏನೆಂದರೆಂಬುದನ್ನೂ ನೋಡಬೇಕು. 1843ರಲ್ಲಿ ನ್ಯೂಬೋಲ್ಡನು ಇವುಗಳ ಬಗ್ಗೆ ಬರೆದ ಕಾಲದಿಂದ ಜ್ವಾಲಾಮುಖಿ, ಕಬ್ಬಿಣದ ಕುಲುಮೆ, ಸಾಮೂಹಿಕ ದಹನ ಎಂದು ಊಹೆಗಳು ಹರಿದಾಡಿದವು. ಇದು ಬೆಂಕಿಯಲ್ಲಿ ಬೆಂದದ್ದು, ನಮ್ಮ ನೆನಪಿಗಿಂತ ಹಳೆಯದು, ಅಲ್ಪರ ಕೆಲಸವಲ್ಲ—ಇಷ್ಟನ್ನು ಹಳ್ಳಿಗ ಸರಿಯಾಗಿಯೇ ಕಂಡಿದ್ದ. ಅವನು ತಪ್ಪಿದ್ದು ಬೆಂದದ್ದು ಏನೆಂಬ ಒಂದು ಸಂಗತಿಯಲ್ಲಿ.

ಅದನ್ನು ತಿಳಿಸಿದ್ದು ವಿಜ್ಞಾನ. ಅದಕ್ಕೆ ನಾವು ಋಣಿಗಳು. ಬ್ರೂಸ್ ಫೂಟನು ಸಗಣಿಯೆಂದು ಊಹಿಸಿದ; ಜೊಯ್ನರನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದನ್ನು ಸ್ಥಿರಪಡಿಸಿದ. 1957ರಲ್ಲಿ ರೇಮಂಡ್ ಆಲ್ಚಿನ್ ಉಟ್ನೂರಿನಲ್ಲಿ ಅಗೆಸಿದಾಗ ದೊಡ್ಡಿಯ ಬೇಲಿಗೂಟಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ದೊರೆತವು. ಮುಂದೆ ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ದೊಡ್ಡಿಯ ಪಕ್ಕದಲ್ಲಿಯೇ ಜನವಸತಿಯ ಕುರುಹುಗಳನ್ನು ತೋರಿಸಿಕೊಟ್ಟರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ, ಕಬ್ಬಿಣವನ್ನೇ ಕಾಣದ, ಕಲ್ಲುಗೊಡಲಿ ಹಿಡಿದ ಜನ ಇಲ್ಲಿ ದನ ಕಟ್ಟಿದರು. ಸಗಣಿಯನ್ನು ಒಟ್ಟಿ ಮತ್ತೆ ಮತ್ತೆ ಸುಟ್ಟರು. ಕೆಲವು ಪದರಗಳು ಗಾಜಿನಂತೆ ಕರಗಿ ಗಟ್ಟಿಯಾಗುವಷ್ಟು ಉರಿ!

ಇಷ್ಟೆಲ್ಲ ತಿಳಿದ ಮೇಲೂ ‘ಬರಿಯ’ ಎನ್ನುವುದು ಯಾವ ನ್ಯಾಯ? ಆ ಮಾತನ್ನು ಹೇಳುವವರಲ್ಲಿ ಎಷ್ಟೋ ಜನರ ಹಣೆಯ ಮೇಲೆ ಬೆಳಗಾದರೆ ವಿಭೂತಿ ಇರುತ್ತದೆ. ಅದೂ ಸಗಣಿಯ ಬೂದಿಯೇ ಅಲ್ಲವೆ? ನಮ್ಮ ನಾಡಿನ ತುರುಗೋಳ್ ವೀರಗಲ್ಲುಗಳು ದನಕ್ಕಾಗಿ ಪ್ರಾಣ ಕೊಟ್ಟವರನ್ನು ಹಾಡುತ್ತವೆ. ಹಳೆಯ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಗೆ ಇಂದಿಗೂ ದನಗಳನ್ನು ಕಿಚ್ಚು ಹಾಯಿಸುತ್ತಾರೆ. ದಿಬ್ಬದ ಬೆಂಕಿಗೂ ಇಂಥ ಬೆಂಕಿಯ ಹಬ್ಬಗಳಿಗೂ ನಂಟಿರಬಹುದೆಂದು ಆಲ್ಚಿನ್ ಸೂಚಿಸಿದ. ಕೊಟ್ಟಿಗೆಯನ್ನು ಚೊಕ್ಕಟ ಮಾಡಲು ಸುಟ್ಟರೋ, ಹಬ್ಬವೆಂದು ಸುಟ್ಟರೋ, ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಕಸವನ್ನು ಕುರಿತು ಯಾರೂ ಇಷ್ಟು ವಾದಿಸುವುದಿಲ್ಲ.

ಪುರಾಣದ ಸಾಕ್ಷಿ ಹುಡುಕುವವರಿಗೂ ಒಂದು ಮಾತು. ನಿಂಬಾಪುರದ್ದು ವಾಲಿಯ ಬೂದಿಯೆಂದು ಪಟ್ಟು ಹಿಡಿದರೆ ಉಳಿದ ನೂರು ದಿಬ್ಬಗಳಿಗೆ ನೂರು ವಾಲಿಗಳನ್ನು ಎಲ್ಲಿಂದ ತರುತ್ತೀರಿ? ವಾಲಿಯ ಕಥೆ ಬೂದಿಯ ಸಾಕ್ಷಿಯನ್ನು ನಂಬಿ ಬದುಕಿದ್ದಲ್ಲ. ಕಥೆಯನ್ನು ಕಟಕಟೆಗೆ ಎಳೆದು ತಂದವರು ಅದಕ್ಕೆ ಗೌರವ ತೋರಿದಂತಾಗಲಿಲ್ಲ. ಆ ಮೊಂಡುತನದಲ್ಲಿ ದನ ಕಾಯ್ದು ಬಾಳಿದ ನಿಜವಾದ ಪೂರ್ವಿಕರನ್ನು ಮರೆಸಿಬಿಡುತ್ತಾರೆ.

ಈ ಜಗಳ ಮಾತಿನಲ್ಲೇ ಮುಗಿಯುವುದಾಗಿದ್ದರೆ ನಾನು ಲೇಖನಿ ಎತ್ತುತ್ತಿರಲಿಲ್ಲ. ವಾಲಿಯ ಬೂದಿ ಎಂದಾಗ ಗುದ್ದಲಿ ಹಾಕಲು ಕೈ ಅಳುಕುತ್ತದೆ. ‘ಬರಿಯ ಸಗಣಿ’ ಎಂದೊಡನೆ ಅದು ಗೊಬ್ಬರ. ಎಷ್ಟೋ ದಿಬ್ಬಗಳ ಬೂದಿ ಹೀಗೆಯೇ ಹೊಲಗಳಿಗೆ ಸಾಗಿಹೋಗಿದೆ. ಬಡ ರೈತನನ್ನು ಇದಕ್ಕಾಗಿ ಬೈಯುವುದು ಹೇಡಿತನ. ಅವನಿಗೆ ಹಳೆಯ ಕಥೆ ಸುಳ್ಳೆಂದು ಕಲಿಸಿ, ಹೊಸ ಕಥೆಯನ್ನು ಹೇಳದೆ ಬಿಟ್ಟವರು ನಾವು. ಆಲ್ಚಿನ್ನನ ಪುಸ್ತಕ 1963ರಲ್ಲಿಯೇ ಬಂತು, ಆದರೆ ಇಂಗ್ಲಿಷಿನಲ್ಲಿ.

ಆದ್ದರಿಂದ ದಿಬ್ಬವಿರುವ ಪ್ರತಿಯೊಂದು ಊರಿನ ಶಾಲೆಯಲ್ಲಿ ಮಕ್ಕಳಿಗೆ ಈ ಎರಡು ಕಥೆಗಳನ್ನೂ ಹೇಳಬೇಕು: ಜನ ಏನು ನಂಬಿದರೆಂಬುದನ್ನೂ, ಅಗೆದಾಗ ಏನು ಸಿಕ್ಕಿತೆಂಬುದನ್ನೂ. ಅದೂ ಕನ್ನಡದಲ್ಲಿ. ತನ್ನೂರಿನ ದಿಬ್ಬ ನಾಲ್ಕು ಸಾವಿರ ವರ್ಷ ಹಳೆಯ ಹಟ್ಟಿಯೆಂದು ಬಲ್ಲ ಹುಡುಗ ದೊಡ್ಡವನಾದ ಮೇಲೆ ಅದರ ಬುಡಕ್ಕೆ ಗಾಡಿ ಹೂಡಲಾರ. ಕಾವಲುಗಾರನನ್ನು ನೇಮಿಸುವುದಕ್ಕಿಂತ ಇದು ಅಗ್ಗ. ಹೆಚ್ಚು ಕಾಲ ಬಾಳುವುದೂ ಇದೇ.