ವಿಸರ್ಜನೆಯ ವಿದ್ಯೆ

ಕಣ್ಣಿನ ಪೊರೆ ತೆಗೆಸಿಕೊಂಡು ಮನೆಗೆ ಬಂದ ನನ್ನ ತಾಯಿಯವರು ಅಂಗಳದ ಬಳ್ಳಿಯ ಮುಂದೆ ನಿಂತು, ಶಂಖಪುಷ್ಪ ಇಷ್ಟು ನೀಲಿಯಾಗಿತ್ತೇ ಎಂದು ಬೆರಗಾದರು. ಮಸೂರದ ನಡುವಣ ಕೋಶಗಳು ಬೆಳಕಿಗೆ ದಾರಿ ಬಿಡುವ ಸಲುವಾಗಿ ತಮ್ಮ ನ್ಯೂಕ್ಲಿಯಸ್ಸನ್ನೇ ತ್ಯಜಿಸಿರುವುದರಿಂದ, ಅಲ್ಲಿ ಹೊಸ ಪ್ರೋಟೀನು ಹುಟ್ಟುವಂತಿಲ್ಲ, ಹಳೆಯದು ತೊಲಗುವಂತಿಲ್ಲ. ನಾವು ಗರ್ಭದಲ್ಲಿದ್ದಾಗ ನಿರ್ಮಿತವಾದ ಕ್ರಿಸ್ಟಲಿನ್ ಪ್ರೋಟೀನುಗಳೇ ಆಯುಷ್ಯವಿಡೀ ಊಳಿಗ ಮಾಡಬೇಕು. ಮಡಿಕೆ ಸಡಿಲಿದ ಪ್ರೋಟೀನುಗಳನ್ನು ಆಲ್ಫಾ ಕ್ರಿಸ್ಟಲಿನ್ ಎಂಬುದು ಹಿಡಿದಿಟ್ಟು, ಮುದ್ದೆಗಟ್ಟದಂತೆ ಬಹುಕಾಲ ಕಾಯುವುದಾದರೂ, ಆ ಕಾವಲಿನ ಬಲ ಕುಂದಿದಾಗ ಮಸೂರ ಹಳದಿಗಟ್ಟಿ ಮಬ್ಬಾಗುವುದು.

ದೇಹದ ಇತರ ಕೋಶಗಳಿಗೆ ವಿಸರ್ಜನೆಯ ಭಾಗ್ಯವುಂಟು. ಕೆಟ್ಟ ಪ್ರೋಟೀನಿಗೆ ಯೂಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಗುರುತಾಗಿ ಅಂಟಿಸಿ, ಪ್ರೋಟಿಯಸೋಮಿಗೆ ಒಪ್ಪಿಸಿ ತುಂಡರಿಸುವುದು ಒಂದು ಮಾರ್ಗ. ಅದರ ಬಾಯಿಗೆ ಹಿಡಿಸದ ಮುದ್ದೆಗಳನ್ನು ಪೊರೆಯಲ್ಲಿ ಸುತ್ತಿ ಜೀರ್ಣಿಸುವ ಸ್ವಭಕ್ಷಣ ಇನ್ನೊಂದು. ವಯಸ್ಸಿನೊಡನೆ ಇವೆರಡೂ ಮಂದವಾಗುವುದು ಮುಪ್ಪಿನ ಕಾರಣಗಳಲ್ಲೊಂದೆಂದೂ, ವಿಭಜನೆಯಿಲ್ಲದ ನರಕೋಶಗಳಿಗೆ ಇದರ ಪೆಟ್ಟು ಹೆಚ್ಚೆಂದೂ ವಿಜ್ಞಾನಿಗಳು ಹೇಳುವರು.

ಸ್ವಭಕ್ಷಣದ ಗುಟ್ಟು ತಿಳಿದ ಬಗೆ ನನಗೆ ಬಹು ಪ್ರಿಯ. 1988ರಲ್ಲಿ, ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ, ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಸ್ವಂತ ಪ್ರಯೋಗಶಾಲೆ ತೆರೆದ ಯೊಶಿನೊರಿ ಒಸುಮಿಯವರು, ಕೋಶದ ಕಸದ ತೊಟ್ಟಿಯೆಂದು ಇತರರು ಕಡೆಗಣಿಸಿದ್ದ ಯೀಸ್ಟಿನ ರಸದಾನಿಯನ್ನು ಆರಿಸಿಕೊಂಡು, ಅದರ ಜೀರ್ಣಕಿಣ್ವಗಳಿಲ್ಲದ ತಳಿಯೊಂದನ್ನು ಉಪವಾಸ ಕೆಡವಿ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರಲು, ಕೆಲವೇ ಗಂಟೆಗಳಲ್ಲಿ ರಸದಾನಿಯೊಳಗೆ ಗುಳ್ಳೆಗಳು ನೆರೆದು ಎಡೆಬಿಡದೆ ಮಿಡುಕಾಡತೊಡಗಿದವು. ಜೀರ್ಣವಾಗಬೇಕಿದ್ದುದು ಜೀರ್ಣವಾಗದೆ ಕಣ್ಣಿಗೆ ಬಿದ್ದಿತ್ತು! 1993ರಲ್ಲಿ ಅವರ ತಂಡ ಈ ಕ್ರಿಯೆಗೆ ಅವಶ್ಯವಾದ 15 ಜೀನುಗಳನ್ನು ಗುರುತಿಸಿತು. 2016ರಲ್ಲಿ ನೊಬೆಲ್ ಬಂದಿತು.

ಇಂದು ಯೌವನವನ್ನು ಗುಳಿಗೆಯಲ್ಲಿ ಮಾರುವವರ ಜಾಹೀರಾತುಗಳಲ್ಲೂ ಇದೇ ಸ್ವಭಕ್ಷಣದ ಹೆಸರು ಕೇಳಿಬರುವುದು ನನಗೆ ನೋವು ತರುತ್ತದೆ. ಸ್ವಭಕ್ಷಣವನ್ನು ಪ್ರಚೋದಿಸುವ ರ‍್ಯಾಪಮೈಸಿನ್ ಮುದಿ ಇಲಿಗಳ ಆಯುಸ್ಸನ್ನು ಹೆಚ್ಚಿಸಿತೆಂದು 2009ರಲ್ಲಿ ಪ್ರಕಟವಾದುದು ನಿಜವೇ. ಆದರೆ ಅದು ಕಸಿಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಶಕ್ತಿಯನ್ನೇ ಅಡಗಿಸಲು ಕೊಡುವ ಔಷಧಿ, ಆರೋಗ್ಯವಂತರು ತಾವಾಗಿ ನುಂಗತಕ್ಕ ವಸ್ತುವಲ್ಲ. ಮುಪ್ಪಿನ ಕುರಿತು ನಮಗೆ ನಿಜವಾದ ಕಾಳಜಿಯಿದ್ದರೆ ಹಣವನ್ನು ಹಾಕಬೇಕಾದ ಸ್ಥಳ ಬೇರೆ: ನಮ್ಮ ವಿಶ್ವವಿದ್ಯಾನಿಲಯದ ಯಾವ ಹುಡುಗಿಯಾದರೂ ಯೀಸ್ಟಿನ ರಸದಾನಿಯಂಥದೊಂದನ್ನು ಐದು ವರ್ಷ ನೋಡಬೇಕೆಂದು ಅರ್ಜಿ ಹಾಕಿಕೊಂಡಾಗ, ಇದರಿಂದೇನು ಪ್ರಯೋಜನವೆಂದು ಕೇಳುವುದಕ್ಕೆ ಮೊದಲು ಅವಳಿಗೊಂದು ಒಳ್ಳೆಯ ಸೂಕ್ಷ್ಮದರ್ಶಕವನ್ನು ಕೊಡಿಸತಕ್ಕದ್ದು.