ಡಿಸ್ಚಾರ್ಜ್ ದಿನದ ‘ಇಲ್ಲ’ ಕೊನೆಯ ಮಾತಲ್ಲ

ಆಸ್ಪತ್ರೆಯಲ್ಲಿ ಗಡಿಯಾರ ತೀರಾ ನಿಧಾನ ಓಡೋದು ಡಿಸ್ಚಾರ್ಜ್ ದಿನ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್ ‘ಮನೆಗೆ ಹೋಗ್ಬಹುದು’ ಅಂತಾರೆ. ಬ್ಯಾಗ್ ಪ್ಯಾಕ್ ಆಗುತ್ತೆ. ಆಮೇಲೆ ಸಂಜೆವರೆಗೂ ಒಂದೇ ಮಾತು: ‘ಇನ್ಶೂರೆನ್ಸ್ ಅಪ್ರೂವಲ್ ಬಂದಿಲ್ಲ ಸರ್.’

ಇದಕ್ಕೊಂದು ಗಡುವಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ತಲುಪಿದ 3 ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಚಾರ್ಜ್ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಹಾಗಾಗಿ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಮೊದಲು ಕೇಳಬೇಕಾದ್ದು: ‘ಫೈನಲ್ ಬಿಲ್ ಎಷ್ಟು ಗಂಟೆಗೆ ಕಳಿಸಿದ್ರಿ?’ ಎಷ್ಟೋ ಸಲ ಬಿಲ್ ಇನ್ನೂ ಆಸ್ಪತ್ರೆಯಲ್ಲೇ ಇರುತ್ತೆ.

ಅಪ್ರೂವಲ್ ಬದಲು ನಿರಾಕರಣೆಯೇ ಬಂದರೆ? ಅಮ್ಮನಿಗೆ ಡೆಂಗ್ಯೂ ಆದಾಗ ನಮಗೆ ಬಂದದ್ದು ಅದೇ. ಅಡ್ಮಿಟ್ ಆಗುವಾಗ ಒಪ್ಪಿದ್ದ ಕಂಪನಿ, ನಾಲ್ಕನೇ ದಿನ ಡಿಸ್ಚಾರ್ಜ್ ವೇಳೆಗೆ ‘ಅಡ್ಮಿಷನ್ ಅಗತ್ಯ ಇರಲಿಲ್ಲ, ಓಪಿಡಿಯಲ್ಲೇ ಚಿಕಿತ್ಸೆ ಸಾಕಿತ್ತು’ ಅಂತ ಮೆಸೇಜ್ ಕಳಿಸಿತು. ಬಿಲ್ 62 ಸಾವಿರ. ಗಂಜಿ ಕೂಡ ಹೊಟ್ಟೆಯಲ್ಲಿ ನಿಲ್ಲದೆ, ಡ್ರಿಪ್ ಮೇಲೆ ಮಲಗಿದ್ದವರ ಬಗ್ಗೆ ಬರೆದ ಮಾತದು.

ಇಂಥ ಹೊತ್ತಲ್ಲಿ ಕೌಂಟರ್ ಹತ್ತಿರ ಕೂಗಾಡಿ ಪ್ರಯೋಜನ ಇಲ್ಲ, ಅಲ್ಲಿರೋರು ನಿರ್ಧಾರ ತಗೊಂಡೋರಲ್ಲ. ಮಾಡಬೇಕಾದ್ದು ಇಷ್ಟು.

ನಿರಾಕರಣೆಯನ್ನು ಲಿಖಿತವಾಗಿ ಕೇಳಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ‘ಇಲ್ಲ’ ಅಂತ ಕಂಪನಿ ಹೇಳಲೇಬೇಕು. ಅದರ ಕ್ಲೇಮ್ ಪರಿಶೀಲನಾ ಸಮಿತಿ ಒಪ್ಪದೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಅಂತಲೂ ಅದೇ ಸುತ್ತೋಲೆ ಹೇಳುತ್ತೆ.

ಆಸ್ಪತ್ರೆ ಬಿಡುವ ಮುಂಚೆಯೇ ಚಿಕಿತ್ಸೆ ಕೊಟ್ಟ ಡಾಕ್ಟರ್ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ. ಅಡ್ಮಿಷನ್ ಯಾಕೆ ಬೇಕಿತ್ತು ಅನ್ನೋದು ಅದರಲ್ಲಿರಲಿ. ನಮ್ಮ ಡಾಕ್ಟರ್ ಬರೆದದ್ದು ಆರೇ ಸಾಲು: ನಿಲ್ಲದ ವಾಂತಿ, ಹೊಟ್ಟೆನೋವು, ದಿನದಿನಕ್ಕೆ ಇಳಿದ ಪ್ಲೇಟ್‌ಲೆಟ್ ಲೆಕ್ಕ. ಡೆಂಗ್ಯೂನಲ್ಲಿ ನಿಲ್ಲದ ವಾಂತಿ, ತೀವ್ರ ಹೊಟ್ಟೆನೋವು ಎರಡೂ ಅಪಾಯದ ಸೂಚನೆಗಳೇ. ಡಿಸ್ಚಾರ್ಜ್ ಸಮ್ಮರಿ, ವಿವರವಾದ ಬಿಲ್, ರಸೀದಿ, ಲ್ಯಾಬ್ ರಿಪೋರ್ಟ್, ಕೇಸ್ ಶೀಟ್ ಪ್ರತಿ ಎಲ್ಲವನ್ನೂ ಕೇಳಿ ತಗೊಳ್ಳಿ.

ಕ್ಯಾಶ್‌ಲೆಸ್ ಸಿಗದಿದ್ದರೂ ಕ್ಲೇಮ್ ಮುಗಿಯಲಿಲ್ಲ. ದುಡ್ಡು ಕಟ್ಟಿ ರೀಇಂಬರ್ಸ್‌ಮೆಂಟ್ ಕೇಳಬಹುದು. ದುಡ್ಡಿನ ತಕರಾರು ಇದೆ ಅಂತ ರೋಗಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಳ್ಳುವಂತಿಲ್ಲ ಅನ್ನೋದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿದೆ.

ರೀಇಂಬರ್ಸ್‌ಮೆಂಟ್ ಕೇಳಿದಾಗಲೂ ನಮಗೆ ಬಂದದ್ದು ಅದೇ ಉತ್ತರ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಡಾಕ್ಟರ್ ಪತ್ರ ಲಗತ್ತಿಸಿ ಮೇಲ್ ಕಳಿಸಿದೆ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ದಾಖಲಿಸಿದೆ. 155255ಕ್ಕೆ ಫೋನ್ ಮಾಡಿಯೂ ದೂರು ಕೊಡಬಹುದು. ಮೂರನೇ ವಾರ ದುಡ್ಡು ಬಂತು. ಗ್ಲೌಸ್, ಸಿರಿಂಜ್ ಥರದ್ದಕ್ಕೆ ಒಂದಿಷ್ಟು ಕಡಿತ ಆಗಿತ್ತು. ಅದು ಪಾಲಿಸಿಯಲ್ಲೇ ಇದ್ದ ಷರತ್ತು, ಒಪ್ಪಿಕೊಂಡೆವು.

ಕಂಪನಿ ಒಂದು ತಿಂಗಳೊಳಗೆ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ ಮುಂದಿನ ಮೆಟ್ಟಿಲು ವಿಮಾ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಫೀಸ್ ಇಲ್ಲ, ವಕೀಲರೂ ಬೇಡ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿನ ತೀರ್ಪನ್ನು ಕಂಪನಿ ಪಾಲಿಸಲೇಬೇಕು. ಆದರೆ ಅದೇ ವಿಷಯ ಗ್ರಾಹಕ ನ್ಯಾಯಾಲಯದಲ್ಲಿದ್ದರೆ ಇಲ್ಲಿ ತಗೊಳ್ಳಲ್ಲ.

ನಮ್ಮಲ್ಲಿ ಎಷ್ಟೋ ಜನ ಮೊದಲ ‘ಇಲ್ಲ’ ಕೇಳಿದ ಕೂಡಲೇ ಕಾರ್ಡ್ ಉಜ್ಜಿ, ‘ಹೋಗ್ಲಿ ಬಿಡು, ಜೀವ ಉಳೀತಲ್ಲ’ ಅಂತ ಸುಮ್ಮನಾಗ್ತಾರೆ. ಜೀವ ಉಳಿದದ್ದು ದೊಡ್ಡದೇ. ಆದರೆ ವರ್ಷವರ್ಷ ಪ್ರೀಮಿಯಂ ಕಟ್ಟಿದವರು ಕಾರಣ ಕೇಳೋದಕ್ಕೆ ದಾಕ್ಷಿಣ್ಯ ಪಡಬೇಕಿಲ್ಲ.